ನಡುಕ, ಸದ್ದು, ಕೆಂಪು ದೀಪ: ಹೆಲಿಕಾಪ್ಟರ್ ದೋಷ ಹುಡುಕುವ ಬಗೆ

ದೊಡ್ಡ ಹೆಲಿಕಾಪ್ಟರ್ ಅಪಘಾತಗಳ ತನಿಖಾ ವರದಿಗಳನ್ನು ಓದುತ್ತ ಹೋದರೆ ಒಂದು ಸಂಗತಿ ಪದೇ ಪದೇ ಎದುರಾಗುತ್ತದೆ. ಲಕ್ಷಣ ಮೊದಲೇ ಕಾಣಿಸಿಕೊಂಡಿತ್ತು, ಯಾರೋ ಅದನ್ನು ನೋಡಿಯೂ ಇದ್ದರು. ಆದರೆ ಅದಕ್ಕೆ ಅಷ್ಟೇನೂ ಭಯಪಡಬೇಕಾಗಿಲ್ಲದ ಒಂದು ಕಾರಣವನ್ನು ಹುಡುಕಿಕೊಂಡು ಹಾರಾಟ ಮುಂದುವರಿಸಿದ್ದರು. ಎಲ್ಲ ಅಪಘಾತವೂ ಹೀಗೆಯೇ ಅಂತ ಹೇಳಲಾಗದು. 2021ರಲ್ಲಿ ಕುನ್ನೂರು ಬಳಿ ಬಿದ್ದ ಎಂಐ-17ರಲ್ಲಿ ಯಂತ್ರದ ತಪ್ಪೇ ಇರಲಿಲ್ಲ, ಮೋಡ ಕವಿದ ಬೆಟ್ಟ ಇತ್ತು. ಆದರೆ ಯಂತ್ರ ಕೈಕೊಟ್ಟ ಕಡೆಗಳಲ್ಲಿ ಹಿಂದಿನ ದಿನಗಳ ಲಾಗ್ ಪುಸ್ತಕ ತೆರೆದು ನೋಡುವುದು ಯಾವಾಗಲೂ ಲಾಭದ ಕೆಲಸ.

ಈ ಬರಹ ಎಎಂಇ (ವಿಮಾನ ನಿರ್ವಹಣೆಯ ಎಂಜಿನಿಯರಿಂಗ್) ಓದುತ್ತಿರುವವರಿಗೆ, ಹ್ಯಾಂಗರಿಗೆ ಹೊಸದಾಗಿ ಕಾಲಿಟ್ಟವರಿಗೆ, ಹೊಸ ಪೈಲಟ್‌ಗಳಿಗೆ. ಲಕ್ಷಣದಿಂದ ಶುರುಮಾಡಿ ಸುಲಭದ, ಖರ್ಚಿಲ್ಲದ ಪರೀಕ್ಷೆಯಿಂದ ಕಷ್ಟದ್ದರ ಕಡೆಗೆ ಹೋಗುತ್ತೇನೆ. ಮಿತಿಗಳ ಅಂಕಿಗಳನ್ನು ಬೇಕೆಂದೇ ಕೊಟ್ಟಿಲ್ಲ. ಟಾರ್ಕ್ (ನಟ್ಟು ಬಿಗಿಯುವ ಬಲ) ಎಷ್ಟು, ಎಣ್ಣೆಯಲ್ಲಿ ಸಿಗುವ ಲೋಹದ ಚೂರು ಎಷ್ಟು ದೊಡ್ಡದಿರಬಹುದು ಎಂಬುದು ಆಯಾ ಹೆಲಿಕಾಪ್ಟರಿನ ಮ್ಯಾನ್ಯುವಲ್‌ನಲ್ಲಿ, ಅದೂ ಇತ್ತೀಚಿನ ತಿದ್ದುಪಡಿಯಲ್ಲಿ ಇರುತ್ತದೆ. ಅಂತರ್ಜಾಲದಲ್ಲಿ ಓದಿದ ಅಂಕಿ ಹಿಡಿದು ನಟ್ಟು ಬಿಗಿಯಬೇಡಿ.

ಕೈ ಹಾಕುವ ಮುನ್ನ

ಬ್ಯಾಟರಿ ಬೇರ್ಪಡಿಸಿ. ರೋಟರ್ ಪೂರ್ತಿ ನಿಂತಿದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಹೈಡ್ರಾಲಿಕ್ ಒತ್ತಡ ಇಳಿಸದೆ ಸರ್ವೋ (ಕಂಟ್ರೋಲ್‌ಗಳನ್ನು ಒತ್ತಡದ ಬಲದಿಂದ ಸರಿಸುವ ಸಾಧನ) ಹತ್ತಿರ ಬೆರಳಿಡಬೇಡಿ. ಗ್ರೌಂಡ್ ರನ್ (ನೆಲದ ಮೇಲೇ ಎಂಜಿನ್ ಓಡಿಸಿ ನೋಡುವುದು) ಮಾಡುವಾಗ ಬಾಲದ ಕಡೆ ಯಾರೂ ಸುಳಿಯದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ತಿರುಗುವ ಬಾಲದ ರೋಟರ್ ಕಣ್ಣಿಗೆ ಕಾಣುವುದೇ ಇಲ್ಲ. 2023ರ ಏಪ್ರಿಲ್‌ನಲ್ಲಿ ಕೇದಾರನಾಥದ ಹೆಲಿಪ್ಯಾಡ್‌ನಲ್ಲಿ ವಿಮಾನಯಾನ ಇಲಾಖೆಯ ಅಧಿಕಾರಿಯೊಬ್ಬರೇ ಅದಕ್ಕೆ ಸಿಕ್ಕಿ ಸತ್ತರು. ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಎಣಿಸಿ. ಒಂದು ಸ್ಪ್ಯಾನರ್ ಕಡಿಮೆ ಬಂದರೆ ಅದು ಸಿಗುವ ತನಕ ಆ ಹೆಲಿಕಾಪ್ಟರ್ ಹೊರಗೆ ಹೋಗಬಾರದು.

ರಿಪೇರಿ ಆದ ಮೇಲೆ ಕಂಟ್ರೋಲ್ ಯಾಕೋ ಬೇರೆ ಥರ ಅನ್ನಿಸುತ್ತಿದೆ

ಯಾವ ದೋಷಕ್ಕಾದರೂ ಮೊದಲ ಪ್ರಶ್ನೆ ಇದು: ಕೊನೆಯ ಬಾರಿ ಎಲ್ಲಿ ಕೈ ಹಾಕಿದ್ದರು? ಟೆಕ್ ಲಾಗ್ (ದೋಷ, ರಿಪೇರಿ ಬರೆದಿಡುವ ಪುಸ್ತಕ) ತೆಗೆದು ನೋಡಲು ಐದು ನಿಮಿಷ ಸಾಕು, ಒಂದು ರೂಪಾಯಿ ಖರ್ಚಿಲ್ಲ. ಸೈಕ್ಲಿಕ್ (ಹೆಲಿಕಾಪ್ಟರನ್ನು ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಕೋಲು) ಬಿಗಿಯಾಗಿದೆ, ಮಧ್ಯದಲ್ಲಿ ಎಲ್ಲೋ ತಡೆಯುತ್ತಿದೆ, ಸಡಿಲ ಜಾಸ್ತಿ ಅನ್ನಿಸಿದರೆ ಹೊಸ ಕೆಲಸವಾದ ಜಾಗದಿಂದಲೇ ಹುಡುಕಾಟ ಶುರುವಾಗಲಿ.

ಇದಕ್ಕೆ 2011ರ ಡಿಸೆಂಬರ್ 7ರ ಲಾಸ್ ವೇಗಸ್ ಅಪಘಾತಕ್ಕಿಂತ ದೊಡ್ಡ ಪಾಠ ಇಲ್ಲ. ಸನ್‌ಡ್ಯಾನ್ಸ್ ಕಂಪನಿಯ ಎಎಸ್350 ಹೆಲಿಕಾಪ್ಟರ್ ಪ್ರವಾಸಿಗರನ್ನು ಕರೆದುಕೊಂಡು ಹೊರಟು, ಹೂವರ್ ಅಣೆಕಟ್ಟಿಗೆ ಹೋಗುವ ದಾರಿಯಲ್ಲಿ ಇದ್ದಕ್ಕಿದ್ದಂತೆ ಮೇಲೇರಿ, ತಿರುಗಿ, ಬೆಟ್ಟದ ಕಣಿವೆಗೆ ಬಿತ್ತು. ಐವರೂ ಸತ್ತರು. ಹಿಂದಿನ ದಿನ ನೂರು ಗಂಟೆಯ ತಪಾಸಣೆ ಆಗಿ, ಮುಖ್ಯ ರೋಟರಿನ ಒಂದು ಸರ್ವೋ ಬದಲಾಗಿತ್ತು. ಆ ಸರ್ವೋಗೆ ಪೈಲಟ್‌ನ ಆಜ್ಞೆ ತಲುಪಿಸುವ ರಾಡ್‌ನ ಬೋಲ್ಟಿಗೆ ಹಾಕಿದ್ದು ಹಳೆಯ ಸೆಲ್ಫ್ ಲಾಕಿಂಗ್ (ತಾನೇ ಬಿಗಿ ಹಿಡಿದು ನಿಲ್ಲುವ) ನಟ್ಟು, ಬಿಗಿತ ಸವೆದುಹೋಗಿದ್ದದ್ದು. ಅದು ಬಿಚ್ಚಿಕೊಂಡರೂ ತಡೆಯಬೇಕಿದ್ದ ಸ್ಪ್ಲಿಟ್ ಪಿನ್ ಒಂದೋ ಹಾಕಿರಲಿಲ್ಲ, ಇಲ್ಲವೇ ಸರಿಯಾಗಿ ಹಾಕಿರಲಿಲ್ಲ. ನಟ್ಟು ಬಿತ್ತು, ಬೋಲ್ಟು ಜಾರಿತು, ರಾಡ್ ಕಳಚಿತು. ಅಮೆರಿಕದ ತನಿಖಾ ಮಂಡಳಿ ಇನ್ನೂ ಒಂದು ಮಾತು ಬರೆಯಿತು: ಕೆಲಸ ಮಾಡಿದ ಮೆಕ್ಯಾನಿಕ್ಕೂ ಅದನ್ನು ಪರೀಕ್ಷಿಸಿದವರೂ ನಿದ್ದೆಗೆಟ್ಟು ದಣಿದಿದ್ದರು.

ಹಾಗಾಗಿ ಪರೀಕ್ಷೆಯ ಕ್ರಮ ಹೀಗೆ. ಟಾರ್ಚು ಹಿಡಿದು ಹೊಸದಾಗಿ ಬಿಚ್ಚಿ ಕಟ್ಟಿದ ಪ್ರತಿ ಕೀಲಿನಲ್ಲೂ ಬೋಲ್ಟು, ನಟ್ಟು, ಪಿನ್ನು ಮೂರೂ ಇವೆಯೇ ನೋಡಿ. ಸೆಲ್ಫ್ ಲಾಕಿಂಗ್ ನಟ್ಟು ಬರಿ ಬೆರಳಲ್ಲೇ ಕೊನೆತನಕ ತಿರುಗಿದರೆ ಅದು ಕಸದ ಬುಟ್ಟಿಗೆ. ಬೆಲೆ ನೋಡಿ ಉಳಿಸಿಕೊಳ್ಳುವ ವಸ್ತು ಅದಲ್ಲ. ಆಮೇಲೆ ಹೈಡ್ರಾಲಿಕ್ ಹಾಕಿ, ಒಬ್ಬರು ಕಂಟ್ರೋಲ್‌ಗಳನ್ನು ಪೂರ್ತಿ ಈ ತುದಿಯಿಂದ ಆ ತುದಿಗೆ ಆಡಿಸಬೇಕು, ಇನ್ನೊಬ್ಬರು ಮೇಲೆ ಸ್ವಾಶ್‌ಪ್ಲೇಟ್ (ಕಂಟ್ರೋಲ್‌ನ ಆಜ್ಞೆಯನ್ನು ತಿರುಗುವ ಬ್ಲೇಡುಗಳಿಗೆ ದಾಟಿಸುವ ತಟ್ಟೆ) ಸರಿಯಾದ ದಿಕ್ಕಿಗೆ ಹೋಗುತ್ತಿದೆಯೇ ನೋಡಬೇಕು. ಕಂಟ್ರೋಲ್ ಕೆಲಸಕ್ಕೆ ಎರಡನೆಯವರ ತಪಾಸಣೆ ಕಡ್ಡಾಯ. ಆ ಎರಡನೆಯವರು ಮೊದಲನೆಯವರ ಮಾತು ಕೇಳಿ ಸಹಿ ಹಾಕುವವರಾಗಿರಬಾರದು, ಮೆಟ್ಟಿಲು ಹತ್ತಿ ಪಿನ್ ಮುಟ್ಟಿ ನೋಡುವವರಾಗಿರಬೇಕು. ರಾತ್ರಿ ಪಾಳಿ ಮುಗಿಸಿ ಕಣ್ಣೆಳೆಯುತ್ತಿರುವವರಿಗೆ ಈ ಕೆಲಸ ಕೊಡಬಾರದು.

ಬಿಗಿತದ ಕಾರಣ ಸಿಗಲಿಲ್ಲವೇ? ಹಾರಿಸಿ ನೋಡೋಣ ಎನ್ನುವ ಮಾತೇ ಬೇಡ. ಕಂಟ್ರೋಲ್ ಅನುಮಾನವಿದ್ದಾಗ ಟೆಸ್ಟ್ ಫ್ಲೈಟ್ ಪರೀಕ್ಷೆಯಾಗುವುದಿಲ್ಲ, ಜೂಜಾಗುತ್ತದೆ.

ಮೈಯೆಲ್ಲ ನಡುಗುತ್ತಿದೆ

ಹೆಲಿಕಾಪ್ಟರ್ ನಡುಗದೆ ಹಾರುವುದೇ ಇಲ್ಲ. ನೋಡಬೇಕಾದ್ದು ನಿನ್ನೆಗಿಂತ ಇವತ್ತು ಬೇರೆಯೇ ಎಂಬುದನ್ನು, ಮತ್ತು ನಡುಕ ಎಷ್ಟು ಬೇಗ ಬರುತ್ತಿದೆ ಎಂಬುದನ್ನು.

ನಿಧಾನದ, ಎಣಿಸಬಹುದಾದ ಕುಲುಕಾಟ ಮುಖ್ಯ ರೋಟರಿನದು. ಹೆಚ್ಚಿನ ಹೆಲಿಕಾಪ್ಟರ್‌ಗಳಲ್ಲಿ ಅದು ನಿಮಿಷಕ್ಕೆ 300ರಿಂದ 400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಐದರಿಂದ ಏಳು ಸಲ. ಸೀಟು ಮೇಲೆ ಕೆಳಗೆ ಕುಣಿದರೆ ಒಂದು ಬ್ಲೇಡ್ ಬೇರೆ ಬ್ಲೇಡುಗಳ ಹಾದಿ ಬಿಟ್ಟು ಓಡುತ್ತಿರಬಹುದು, ಅಂದರೆ ಟ್ರ್ಯಾಕ್ ತಪ್ಪಿದೆ. ಅಕ್ಕಪಕ್ಕಕ್ಕೆ ತೂಗಿದರೆ ಸಮತೂಕ ತಪ್ಪಿದೆ. ಪಾದದಡಿ ಜುಮ್ಮೆನ್ನುವ, ಎಣಿಸಲಾಗದ ಸಣ್ಣ ನಡುಕ ಬಾಲದ ರೋಟರ್ ಇಲ್ಲವೇ ಅದರ ಡ್ರೈವ್ ಶಾಫ್ಟ್ ಕಡೆಯಿಂದ.

ಮೊದಲು ಮಾಡುವುದು ಬಟ್ಟೆ, ಬಕೆಟ್ ಹಿಡಿದು ಬ್ಲೇಡ್ ಒರೆಸುವ ಕೆಲಸ. ಕೆಸರು, ಸತ್ತ ಹುಳು, ಕಿತ್ತುಬಂದ ಟೇಪು, ಬ್ಲೇಡಿನೊಳಗೆ ನಿಂತ ಮಳೆನೀರು ಇಷ್ಟೇ ಕಾರಣವಾಗಿರುವುದುಂಟು. ಆಮೇಲೆ ಸಡಿಲ ಪ್ಯಾನೆಲ್, ಕಟ್ಟದೆ ಬಿಟ್ಟ ಸಾಮಾನು. ಮುಂದಿನ ಮೆಟ್ಟಿಲು ಪಿಚ್ ಲಿಂಕ್‌ನ (ಬ್ಲೇಡಿನ ಕೋನ ಬದಲಿಸುವ ಸಣ್ಣ ರಾಡ್) ತುದಿಗಳನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ಸಡಿಲ ನೋಡುವುದು, ಬ್ಲೇಡಿನ ಅಲುಗಾಟ ತಗ್ಗಿಸುವ ಡ್ಯಾಂಪರ್‌ನಿಂದ ಎಣ್ಣೆ ಸೋರಿದೆಯೇ, ರಬ್ಬರ್ ಪದರದ ಬೇರಿಂಗ್‌ನಿಂದ ಪುಡಿ ಉದುರಿದೆಯೇ ನೋಡುವುದು. ಬೋಲ್ಟಿನ ಸುತ್ತ ಕಪ್ಪು ಇಲ್ಲವೇ ಕೆಂಪು ಪುಡಿ ಕಂಡರೆ ಅಲ್ಲಿ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದರ್ಥ. ಇಷ್ಟೂ ಸರಿಯಿದ್ದ ಮೇಲೇ ಟ್ರ್ಯಾಕ್ ಅಂಡ್ ಬ್ಯಾಲೆನ್ಸ್ ಯಂತ್ರ ಹಚ್ಚಬೇಕು. ಎಷ್ಟೋ ಕಡೆ ಇದು ತಿರುವುಮುರುವಾಗುತ್ತದೆ. ಮೊದಲೇ ತೂಕದ ಬಿಲ್ಲೆ ಸೇರಿಸಿ ನಡುಕ ಇಳಿಸಿಬಿಡುತ್ತಾರೆ, ಸವೆದ ಬೇರಿಂಗ್ ಒಳಗೇ ಅಡಗಿ ಕೂರುತ್ತದೆ.

ವಾರಗಳ ಕಾಲ ನಿಧಾನ ಏರಿದ ನಡುಕ ಸವೆತದ್ದು, ಪರೀಕ್ಷೆಗೆ ಸಮಯ ಕೊಡುತ್ತದೆ. ಹಾರಾಟದ ನಡುವೆ ತಟ್ಟನೆ ಬಂದದ್ದು ಹಾಗಲ್ಲ. 1979ರ ಏಪ್ರಿಲ್ 18ರಂದು ನೆವಾರ್ಕ್‌ನಿಂದ ಎದ್ದ ನ್ಯೂಯಾರ್ಕ್ ಏರ್‌ವೇಸ್‌ನ ಎಸ್-61 ಹೆಲಿಕಾಪ್ಟರಿನಲ್ಲಿ ಬಾಲದ ರೋಟರ್ ಬ್ಲೇಡಿನ ತುಂಡು ಹಾರಿಹೋಗಿ ಜೋರು ನಡುಕ ಶುರುವಾಯಿತು. ಪೈಲಟ್ ಕೂಡಲೇ ಹಿಂದಿರುಗಿದರು. ಇಳಿಯುವಷ್ಟರಲ್ಲಿ ಆ ಅಸಮತೂಕವೇ ಬಾಲದ ಗೇರ್‌ಬಾಕ್ಸನ್ನು ಕಿತ್ತು ಹಾಕಿತು, ಮೂವರು ಸತ್ತರು. ತಟ್ಟನೆ ಬಂದ ನಡುಕಕ್ಕೆ ವಿಮಾನ ನಿಲ್ದಾಣ ಹುಡುಕಬೇಡಿ, ಕೆಳಗೆ ಕಾಣುವ ಬಯಲು ಸಾಕು.

ನೆಲದ ಮೇಲಿದ್ದಾಗಲೇ ಹೆಲಿಕಾಪ್ಟರ್ ಅಡ್ಡಡ್ಡ ಕುಣಿಯತೊಡಗಿ, ಕುಣಿತ ಏರುತ್ತ ಹೋದರೆ ಅದು ಗ್ರೌಂಡ್ ರೆಸೊನೆನ್ಸ್. ರೋಟರ್ ವೇಗ ಹಾರಾಟದ ಮಟ್ಟದಲ್ಲಿದ್ದರೆ ನೆಲ ಬಿಟ್ಟೇಳಬೇಕು, ಇಲ್ಲವಾದರೆ ಕಲೆಕ್ಟಿವ್ (ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಸನ್ನೆಕೋಲು) ಇಳಿಸಿ ಎಂಜಿನ್ ಮುಚ್ಚಬೇಕು. ಯೋಚನೆಗೆ ಸಿಗುವುದು ಕೆಲವೇ ಸೆಕೆಂಡು. ಕಾರಣ ಬಹುಪಾಲು ಕೈಗೆಟುಕುವಲ್ಲೇ ಇರುತ್ತದೆ: ಗಾಳಿ ಕಡಿಮೆಯಾದ ಟೈರು, ಗಾಲಿಯ ಶಾಕ್ ಅಬ್ಸಾರ್ಬರ್, ಕೆಟ್ಟ ಬ್ಲೇಡ್ ಡ್ಯಾಂಪರ್.

ಚಿಪ್ ದೀಪ ಹತ್ತಿದೆ

ಗೇರ್‌ಬಾಕ್ಸಿನ ಎಣ್ಣೆಯಲ್ಲಿ ತೇಲುವ ಉಕ್ಕಿನ ಚೂರನ್ನು ಹಿಡಿಯುವ ಅಯಸ್ಕಾಂತದ ಪ್ಲಗ್ಗೇ ಚಿಪ್ ಡಿಟೆಕ್ಟರ್. ಚೂರು ಅಂಟಿ ಎರಡು ತುದಿ ಕೂಡಿದರೆ ಕಾಕ್‌ಪಿಟ್‌ನಲ್ಲಿ ದೀಪ ಹತ್ತುತ್ತದೆ.

ಇಳಿದ ಮೇಲೆ ಮೊದಲ ಕೆಲಸ ಪ್ಲಗ್ ತೆಗೆದು ನೋಡುವುದು. ವೈರು ತಾಗಿಯೋ, ತೇವದಿಂದಲೋ ಸುಳ್ಳು ದೀಪ ಹತ್ತುವುದೂ ಉಂಟು, ಅದನ್ನೂ ನೋಡಿ. ಬೂದು ಪೇಸ್ಟಿನಂತೆ ನುಣ್ಣನೆಯ ಮಸಿ ಅಂಟಿದ್ದರೆ ಸಾಮಾನ್ಯ ಸವೆತ, ವಿಶೇಷವಾಗಿ ಹೊಸ ಗೇರ್‌ಬಾಕ್ಸಿನಲ್ಲಿ. ಸೂಜಿಯಂಥದು, ಚಪ್ಪಟೆ ಹಳಕು, ಒಂದು ಮುಖ ಹೊಳೆದು ಇನ್ನೊಂದು ಒರಟಾಗಿರುವ ತುಣುಕು ಸಿಕ್ಕರೆ ಬೇರಿಂಗ್ ಇಲ್ಲವೇ ಗೇರಿನ ಮೈಯಿಂದ ಪದರ ಎದ್ದುಬರುತ್ತಿದೆ. ಅದನ್ನು ಒರೆಸಿ ಬಿಸಾಡಬೇಡಿ. ದಿನಾಂಕ, ಹಾರಾಟದ ಗಂಟೆ ಬರೆದು ಪೊಟ್ಟಣ ಕಟ್ಟಿ. ಫಿಲ್ಟರ್ ಬಿಚ್ಚಿ ಅಲ್ಲಿಯೂ ಹುಡುಕಿ. ಅಯಸ್ಕಾಂತಕ್ಕೆ ಅಲ್ಯುಮಿನಿಯಂ, ಕಂಚು ಅಂಟುವುದಿಲ್ಲ, ಫಿಲ್ಟರಿಗೆ ಸಿಗುತ್ತದೆ. ಯಾವ ಲೋಹ ಎಂದು ಪ್ರಯೋಗಾಲಯ ಹೇಳಿದರೆ ಯಾವ ಭಾಗ ಎಂದು ತಯಾರಕರು ಹೇಳಬಲ್ಲರು.

2009ರ ಮಾರ್ಚ್ 25ರಂದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಒಂದು ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಮುಖ್ಯ ಗೇರ್‌ಬಾಕ್ಸಿನ ಪ್ಲಗ್‌ನಲ್ಲಿ ಇಂಥದೇ ಒಂದು ಚೂರು ಸಿಕ್ಕಿತು. ಒಂದೇ ಒಂದು. ನಿರ್ವಹಣೆಯವರಿಗೂ ತಯಾರಕರಿಗೂ ಫೋನು, ಇ-ಮೇಲ್ ಓಡಾಡಿತು. ಇವರು ಕೇಳಿದ್ದು ಒಂದು, ಅವರು ಅರ್ಥ ಮಾಡಿಕೊಂಡದ್ದು ಇನ್ನೊಂದು. ಚೂರು ಅಪಾಯದ್ದಲ್ಲ ಎಂಬ ತೀರ್ಮಾನಕ್ಕೆ ಬಂದರು. ಗೇರ್‌ಬಾಕ್ಸಿನ ಮೇಲ್ಭಾಗ ಬಿಚ್ಚಿ ಒಳಗಿನ ಅಯಸ್ಕಾಂತಗಳನ್ನು ನೋಡಲೇ ಇಲ್ಲ. ಇನ್ನೂ 36 ಗಂಟೆ ಹಾರಿದ ಮೇಲೆ, ಏಪ್ರಿಲ್ 1ರಂದು, ಪೀಟರ್‌ಹೆಡ್ ಎದುರಿನ ಸಮುದ್ರದ ಮೇಲೆ ಒಂದು ಪ್ಲಾನೆಟ್ ಗೇರ್ (ನಡುವಿನ ಗೇರಿನ ಸುತ್ತ ತಿರುಗುವ ಸಣ್ಣ ಗೇರು) ಸೀಳಿ, ರೋಟರೇ ಕಳಚಿಹೋಯಿತು. 16 ಮಂದಿ ಸತ್ತರು. ಚೂರು ಆ ಗೇರಿನದೇ ಆಗಿತ್ತು.

ನನ್ನ ಲೆಕ್ಕದಲ್ಲಿ ನಿರ್ವಹಣೆಯ ಇತಿಹಾಸದಲ್ಲೇ ಅತಿ ದುಃಖದ ಪ್ರಕರಣ ಇದು. ಅಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ. ಚೂರು ಸಿಕ್ಕಿತು, ಮಾತಾಡಿದರು, ಪ್ರಶ್ನೆ ಕೇಳಿದರು. ತಪ್ಪಿದ್ದು ಮಾತು ಮಾತಲ್ಲೇ ಮುಗಿದದ್ದು. ತಯಾರಕರ ಜೊತೆ ಮಾತಾಡುವಾಗ ಚೂರಿನ ಅಳತೆ, ಫೋಟೋ, ಸಿಕ್ಕಿದ ಪ್ಲಗ್ ಯಾವುದು, ಆಗಿರುವ ಪರೀಕ್ಷೆ, ಆಗಬೇಕಾದ ಪರೀಕ್ಷೆ ಎಲ್ಲವೂ ಬರಹದಲ್ಲಿರಲಿ. ಉತ್ತರವೂ ಬರಹದಲ್ಲೇ ಬರಲಿ. ಫೋನಿನಲ್ಲಿ "ಪರವಾಗಿಲ್ಲ, ಹಾರಿಸಿ" ಅಂದದ್ದಕ್ಕೆ ಸಹಿ ಇರುವುದಿಲ್ಲ.

ಗೇರ್‌ಬಾಕ್ಸ್ ಆಯಿಲ್ ಪ್ರೆಶರ್ ಇಳಿಯುತ್ತಿದೆ

ನೆಲದಲ್ಲಾದರೆ: ಎಣ್ಣೆ ಮಟ್ಟ ನೋಡಿ, ಕೆಳಗೆ ತೊಟ್ಟಿಕ್ಕಿದ ಕಲೆ ಇದೆಯೇ ನೋಡಿ, ಫಿಲ್ಟರ್ ಮತ್ತು ಪೈಪ್ ಕೀಲುಗಳನ್ನು ಒರೆಸಿ ಎಲ್ಲಿಂದ ಮತ್ತೆ ಒದ್ದೆಯಾಗುತ್ತದೆ ಗಮನಿಸಿ, ಆಮೇಲೆ ಸೆನ್ಸರ್, ವೈರು. ಮಟ್ಟ ಕಡಿಮೆ ಎಂದು ಬರಿ ಎಣ್ಣೆ ತುಂಬಿ ಬಿಡಬಾರದು. ಹೋದ ಎಣ್ಣೆ ಎಲ್ಲಿಗೆ ಹೋಯಿತು ಎಂದು ಗೊತ್ತಾಗಬೇಕು.

ಗಾಳಿಯಲ್ಲಾದರೆ ಮಾತೇ ಬೇರೆ. ಪ್ರೆಶರ್ ಇಳಿದು ಉಷ್ಣತೆ ಏರುತ್ತಿದ್ದರೆ ಸೋರಿಕೆ ನಿಜ. ಪ್ರೆಶರ್ ಸೊನ್ನೆಯಾಗಿ ಉಷ್ಣತೆ ಏರದೇ ಇದ್ದರೆ "ಸೆನ್ಸರ್ ಕೆಟ್ಟಿರಬೇಕು" ಎನ್ನುವ ಆಸೆ ಹುಟ್ಟುತ್ತದೆ. ಎಣ್ಣೆಯೇ ಇಲ್ಲದ ಮೇಲೆ ಎಣ್ಣೆಯ ಉಷ್ಣತೆ ಅಳೆಯುವ ಕಡ್ಡಿ ಏನನ್ನು ಅಳೆಯಬೇಕು?

2009ರ ಮಾರ್ಚ್ 12ರಂದು ಕೆನಡಾದ ಸೇಂಟ್ ಜಾನ್ಸ್‌ನಿಂದ ತೈಲ ವೇದಿಕೆಗೆ ಹೊರಟ ಕೂಗರ್ ಕಂಪನಿಯ ಎಸ್-92ರಲ್ಲಿ ಆಯಿಲ್ ಪ್ರೆಶರ್ ಹೋಯಿತು. ಸಿಬ್ಬಂದಿ ದಡದ ಕಡೆ ತಿರುಗಿದರು, ಎಣ್ಣೆ ಇಲ್ಲದೆಯೂ ಗೇರ್‌ಬಾಕ್ಸ್ ಅರ್ಧ ಗಂಟೆ ತಾಳುತ್ತದೆ ಎಂಬ ನಂಬಿಕೆಯಿತ್ತು. ತಾಳಿದ್ದು ಸುಮಾರು 11 ನಿಮಿಷ. ಬಾಲದ ರೋಟರ್ ತಿರುಗಿಸುವ ಗೇರುಗಳು ಸವೆದುಹೋಗಿ ಹೆಲಿಕಾಪ್ಟರ್ ನೀರಿಗಪ್ಪಳಿಸಿತು. 18 ಜನರಲ್ಲಿ ಉಳಿದದ್ದು ಒಬ್ಬರು. ಎಣ್ಣೆ ಹೋದದ್ದು ಫಿಲ್ಟರ್ ಬಟ್ಟಲನ್ನು ಹಿಡಿದಿಟ್ಟ ಟೈಟಾನಿಯಂ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟುಗಳು) ಮುರಿದು. ಫಿಲ್ಟರ್ ಬದಲಿಸುವಾಗಲೆಲ್ಲ ನಟ್ಟು ಬಿಚ್ಚಿ ಹಾಕಿ ಸ್ಟಡ್‌ಗಳ ತಿರುಪಿನ ಗೆರೆ (ಥ್ರೆಡ್) ಕೆತ್ತಿಹೋಗಿತ್ತು, ಅಲ್ಲಿಂದ ಬಿರುಕು. ಹಿಂದಿನ ವರ್ಷ ಆಸ್ಟ್ರೇಲಿಯಾದಲ್ಲಿ ಇದೇ ಸ್ಟಡ್‌ಗಳು ಮುರಿದಿದ್ದವು. ಉಕ್ಕಿನ ಸ್ಟಡ್ ಹಾಕಿರೆಂದು ತಯಾರಕರು ಜನವರಿಯಲ್ಲೇ ಹೇಳಿದ್ದರು, ಆದರೆ 1,250 ಗಂಟೆ ಇಲ್ಲವೇ ಒಂದು ವರ್ಷದ ಗಡುವು ಕೊಟ್ಟಿದ್ದರು. ಫಿಲ್ಟರ್ ಬದಲಿಸುವಾಗ ಸ್ಟಡ್ ಪರೀಕ್ಷಿಸಬೇಕೆಂದು ಮ್ಯಾನ್ಯುವಲ್‌ನ ಹೊಸ ತಿದ್ದುಪಡಿಯಲ್ಲಿ ಬಂದಿತ್ತು, ಅದು ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ಕೆನಡಾದ ತನಿಖೆ ಹೇಳಿತು.

ಇದರ ಪಕ್ಕಕ್ಕೆ 2012ರ ಎರಡು ಘಟನೆ ಇಟ್ಟು ನೋಡಿ. ಉತ್ತರ ಸಮುದ್ರದ ಮೇಲೆ ಮೇ ಮತ್ತು ಅಕ್ಟೋಬರ್‌ನಲ್ಲಿ ಎರಡು ಇಸಿ225ಗಳಲ್ಲಿ ಒಳಗಿನ ಶಾಫ್ಟ್ ಬಿರುಕುಬಿಟ್ಟು ಆಯಿಲ್ ಪಂಪುಗಳು ನಿಂತವು. ತುರ್ತು ತಂಪುವ್ಯವಸ್ಥೆ ಶುರುವಾಯಿತು, ಅದೂ ಕೆಟ್ಟಿದೆ ಎಂದು ದೀಪ ಹತ್ತಿತು. ಆ ದೀಪ ಸುಳ್ಳು ಹೇಳಿತ್ತು, ವ್ಯವಸ್ಥೆ ನಡೆಯುತ್ತಲೇ ಇತ್ತು. ಆದರೂ ಪೈಲಟ್‌ಗಳು ದೀಪವನ್ನು ನಂಬಿ ಸಮುದ್ರಕ್ಕೆ ಇಳಿಸಿದರು. ಎರಡರಲ್ಲೂ ಎಲ್ಲರೂ ಬದುಕಿದರು.

ಎಚ್ಚರಿಕೆ ದೀಪ ಗಮನ ಸೆಳೆದು ಬೇರೆ ಅಪಾಯ ಮರೆಸುವುದೂ ಉಂಟು. 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರಿದ್ದ ಬೆಲ್ 430 ಬಿದ್ದಾಗ, ಸಿಬ್ಬಂದಿ ಟ್ರಾನ್ಸ್‌ಮಿಷನ್ ಆಯಿಲ್ ತೊಂದರೆಗೆ ಚೆಕ್‌ಲಿಸ್ಟ್ ಹುಡುಕುತ್ತ ಕೆಟ್ಟ ಹವೆಯೊಳಗೆ ಹೋದರೆಂದು ತನಿಖೆ ಕಂಡುಕೊಂಡಿತು. ಒಬ್ಬರು ಹಾರಿಸಬೇಕು, ಇನ್ನೊಬ್ಬರು ಪುಟ ತಿರುಗಿಸಬೇಕು.

ಸದ್ದು ಬದಲಾಗಿದೆ

ಗುಂಯ್‌ಗುಡುವ ಸದ್ದು ತೆಳುವಾಗಿ ಕೀರಲು ಹೊಡೆದರೆ, ಗೇರ್‌ಬಾಕ್ಸ್ ಕಡೆಯಿಂದ ಗೊರಗೊರ ಬಂದರೆ ಉಪೇಕ್ಷೆ ಬೇಡ. ಬಾಗಿಲ ಸೀಲು, ಕಿತ್ತುಬಂದ ಟೇಪು ಸಿಳ್ಳೆ ಹಾಕುವುದು ಸಾಮಾನ್ಯ, ಅದು ಹೆಲಿಕಾಪ್ಟರ್ ಹಾರುವ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಗೇರಿನ ಸದ್ದು ರೋಟರ್ ತಿರುಗುವ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಇಷ್ಟು ವ್ಯತ್ಯಾಸ ಕಿವಿಗೆ ಗೊತ್ತಾಗಬೇಕು.

1986ರ ನವೆಂಬರ್ 6ರಂದು ಶೆಟ್ಲೆಂಡ್‌ನ ಸಂಬರಾ ನಿಲ್ದಾಣ ಸಮೀಪಿಸುತ್ತಿದ್ದ, ಮುಂದೊಂದು ಹಿಂದೊಂದು ರೋಟರ್ ಇರುವ ಚಿನೂಕ್ ಹೆಲಿಕಾಪ್ಟರಿನ ಸಿಬ್ಬಂದಿಗೂ ಕೊನೆಯಲ್ಲಿ ಸದ್ದು ಏರಿದ್ದು ಕೇಳಿತ್ತು. ಮುಂದಿನ ಗೇರ್‌ಬಾಕ್ಸಿನ ದೊಡ್ಡ ರಿಂಗ್ ಗೇರ್ ತುಕ್ಕಿನಿಂದ ಹುಟ್ಟಿದ ಬಿರುಕಿಗೆ ಸೀಳಿತು, ಎರಡು ರೋಟರ್‌ಗಳ ತಾಳ ತಪ್ಪಿ ಬ್ಲೇಡುಗಳು ಒಂದಕ್ಕೊಂದು ಹೊಡೆದವು. 45 ಸಾವು, ಇಬ್ಬರು ಉಳಿದರು. ಆ ಗೇರಿನ ವಿನ್ಯಾಸ ಸುಧಾರಣೆಯೆಂದೇ ಬದಲಾಗಿತ್ತು. ಕಂಪನ ಅಳೆದು ದಾಖಲಿಸುವ ಹಮ್ಸ್ ವ್ಯವಸ್ಥೆ ಮುಂದಿನ ದಶಕದಲ್ಲಿ ಉತ್ತರ ಸಮುದ್ರದ ಹೆಲಿಕಾಪ್ಟರ್‌ಗಳಿಗೆ ಬಂತು. ಆದರೆ ಯಂತ್ರ ಕೂರಿಸಿದರೆ ಮುಗಿಯಲಿಲ್ಲ. 1997ರ ಸೆಪ್ಟೆಂಬರ್ 8ರಂದು ನಾರ್ವೆಯ ನಾರ್ನೆ ತೈಲಕ್ಷೇತ್ರದ ದಾರಿಯಲ್ಲಿ 12 ಜನರೊಂದಿಗೆ ಬಿದ್ದ ಸೂಪರ್ ಪ್ಯೂಮಾದಲ್ಲಿ ಕೆಟ್ಟದ್ದು ಎಂಜಿನ್ ಶಾಫ್ಟಿನ ಕೀಲು, ಅದರ ನಡುಕ ಹೇಳಬೇಕಿದ್ದ ಹಮ್ಸ್ ಸೆನ್ಸರ್ ಕೆಲಸ ಮಾಡುತ್ತಿರಲಿಲ್ಲ. ಸೆನ್ಸರ್ ಸತ್ತದ್ದೂ ಒಂದು ಸ್ನ್ಯಾಗ್ (ಲಾಗ್‌ನಲ್ಲಿ ದಾಖಲಿಸುವ ದೋಷ) ಎಂದೇ ಬರೆಯಬೇಕು.

ಪೆಡಲ್ ಒತ್ತಿದರೂ ಮೂತಿ ತಿರುಗುತ್ತಿಲ್ಲ, ಅಥವಾ ತಾನೇ ತಿರುಗುತ್ತಿದೆ

ನೆಲದ ಮೇಲೆ ಬಾಲದ ರೋಟರ್ ಬ್ಲೇಡ್‌ಗಳನ್ನು ಕೈಯಲ್ಲಿ ತಿರುಚಿ ನೋಡುವುದು, ಕಂಟ್ರೋಲ್ ಬೇರಿಂಗ್ ಒರಟಾಗಿ ತಿರುಗುತ್ತಿದೆಯೇ, ಗ್ರೀಸು ಸೋರಿ ಕಪ್ಪಾಗಿದೆಯೇ ನೋಡುವುದು ಅಗ್ಗದ ಪರೀಕ್ಷೆ. 2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್ ಫುಟ್‌ಬಾಲ್ ಮೈದಾನದಿಂದ ಎದ್ದ ಎಡಬ್ಲ್ಯು169ರಲ್ಲಿ ಇದೇ ಬೇರಿಂಗ್ ಹಿಡಿದುಕೊಂಡಿತು. ಪೆಡಲ್‌ಗೂ ಬಾಲದ ರೋಟರಿಗೂ ಸಂಬಂಧ ಕಡಿದು, ಹೆಲಿಕಾಪ್ಟರ್ ಬುಗುರಿಯಂತೆ ಸುತ್ತಿ ಬಿತ್ತು, ಐವರು ಸತ್ತರು. ಪೈಲಟ್‌ಗೆ ಮಾಡಲು ಏನೂ ಉಳಿದಿರಲಿಲ್ಲ. ಇದು ನೆಲದಲ್ಲೇ ಹಿಡಿಯಬೇಕಾದ ದೋಷ, ಹಾಗೆಂದೇ ಆಮೇಲೆ ಆ ಬೇರಿಂಗಿಗೆ ತುರ್ತು ತಪಾಸಣೆಯ ಆದೇಶಗಳು ಬಂದವು.

ಲಕ್ಷಣವೇ ಇಲ್ಲದಿದ್ದರೆ

ಇಂಥವೂ ಇವೆ, ಮುಚ್ಚಿಡುವುದು ಬೇಡ. 1968ರ ಆಗಸ್ಟ್ 14ರಂದು ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್‌ನಲ್ಲಿ ಬಿದ್ದ ಎಸ್-61ರಲ್ಲಿ ಬ್ಲೇಡ್ ಹಿಡಿದ ಸ್ಪಿಂಡಲ್ ದಣಿದು ಮುರಿಯಿತು, 21 ಸಾವು. 1977ರ ಮೇ 16ರಂದು ನ್ಯೂಯಾರ್ಕ್‌ನ ಪ್ಯಾನ್ ಆಮ್ ಕಟ್ಟಡದ ತಾರಸಿಯಲ್ಲಿ ರೋಟರ್ ತಿರುಗುತ್ತ ನಿಂತಿದ್ದ ಇನ್ನೊಂದು ಎಸ್-61ರ ಗಾಲಿ ಕಾಲು ಮುರಿದು ಅದು ಪಕ್ಕಕ್ಕೆ ಉರುಳಿತು, ಮೇಲೆ ನಾಲ್ವರು, ಕೆಳಗಿನ ಬೀದಿಯಲ್ಲಿ ಒಬ್ಬರು ಸತ್ತರು. ಬಿರುಕು ಹುಟ್ಟಿದ್ದು ಲೋಹದ ಮೈಮೇಲಿನ ಪುಟ್ಟ ಗುಳಿಯಿಂದ. 2016ರ ಏಪ್ರಿಲ್ 29ರಂದು ನಾರ್ವೆಯ ತುರೋಯಿಯಲ್ಲಿ 13 ಜನ ಸತ್ತ ಇಸಿ225ರಲ್ಲಿ ಪ್ಲಾನೆಟ್ ಗೇರಿನ ಬಿರುಕು ಒಳಗೊಳಗೇ ಹರಡಿತು. ಚಿಪ್ ದೀಪ ಹತ್ತಲಿಲ್ಲ, ಹಮ್ಸ್ ಏನೂ ಹೇಳಲಿಲ್ಲ. ನಿರ್ವಹಣೆಯವರ ತಪ್ಪಿಗೆ ಪುರಾವೆ ಇಲ್ಲವೆಂದೇ ತನಿಖೆ ಹೇಳಿತು.

ಇಂಥದ್ದಕ್ಕೆ ಹ್ಯಾಂಗರಿನಲ್ಲಿ ಮಾಡಬಹುದಾದದ್ದು ಕಡಿಮೆ: ಆಯುಷ್ಯ ಮುಗಿದ ಭಾಗವನ್ನು ಒಂದು ಗಂಟೆಯೂ ಹೆಚ್ಚು ಓಡಿಸದಿರುವುದು, ಕರಾವಳಿಯಲ್ಲಾದರೆ ಉಪ್ಪು ತೊಳೆಯುವುದು, ಗುಳಿ ಕಂಡ ಕಡೆ ಮ್ಯಾನ್ಯುವಲ್ ಹೇಳಿದ ಮಿತಿ ನೋಡುವುದು. ಬಿದ್ದ, ಗುದ್ದಿಸಿಕೊಂಡ, ಸಿಡಿಲು ಹೊಡೆದ ಭಾಗಗಳ ಚರಿತ್ರೆಯನ್ನು ಕಳೆಯದೆ ಇಡುವುದು ಇನ್ನೊಂದು. 2002ರಲ್ಲಿ ನಾರ್ಫೋಕ್ ಕಡಲಲ್ಲಿ 11 ಜನರ ಸಮೇತ ಬಿದ್ದ ಎಸ್-76ರ ಬ್ಲೇಡಿಗೆ 1999ರಲ್ಲಿ ಸಿಡಿಲು ಹೊಡೆದಿತ್ತು. ರಿಪೇರಿಯಾಗಿ ಸೇವೆಗೆ ಮರಳಿದ್ದ ಬ್ಲೇಡ್ ಅದು.

ಯಾವಾಗ ಕೈಬಿಟ್ಟು ಮೇಲಿನವರನ್ನು ಕರೆಯಬೇಕು

ಒಂದೇ ಸ್ನ್ಯಾಗ್ ಮೂರನೆಯ ಬಾರಿ ಲಾಗ್‌ನಲ್ಲಿ ಕಂಡು, ಎರಡು ಬಾರಿಯೂ "ಪರೀಕ್ಷಿಸಲಾಯಿತು, ದೋಷ ಕಾಣಲಿಲ್ಲ" ಎಂದು ಬರೆದಿದ್ದರೆ. ಸರ್ಕ್ಯೂಟ್ ಬ್ರೇಕರ್ ಒಮ್ಮೆ ಒತ್ತಿದ ಮೇಲೂ ಮತ್ತೆ ಹಾರಿದರೆ. ಚೂರು ಎಲ್ಲಿಯದೆಂದು ಹೇಳಲಾಗದಿದ್ದರೆ. ರೋಟರ್ ಹೆಡ್ ಮತ್ತು ಕಂಟ್ರೋಲ್ ರಾಡ್‌ಗಳಲ್ಲಿ ಬಿರುಕಿನ ಗೆರೆ ಕಂಡರೆ, ಅದು ಬಣ್ಣದ ಬಿರುಕೇ ಲೋಹದ ಬಿರುಕೇ ಎಂದು ನೀವೇ ತೀರ್ಮಾನಿಸಬೇಡಿ, ಎನ್‌ಡಿಟಿಯವರನ್ನು (ಭಾಗವನ್ನು ಹಾಳುಮಾಡದೆ ಬಿರುಕು ಪರೀಕ್ಷಿಸುವವರು) ಕರೆಯಿರಿ.

ಒಂದೇ ಭಾಗ ಹಲವು ಹೆಲಿಕಾಪ್ಟರ್‌ಗಳಲ್ಲಿ ತೊಂದರೆ ಕೊಟ್ಟರೆ ಅದು ನಿಮ್ಮ ಹ್ಯಾಂಗರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ಧ್ರುವ್ ಇದಕ್ಕೆ ಹತ್ತಿರದ ಉದಾಹರಣೆ. 2023ರ ಮಾರ್ಚ್‌ನಲ್ಲಿ ನೌಕಾಪಡೆಯ ಧ್ರುವ್ ಮುಂಬಯಿ ಬಳಿ ಸಮುದ್ರಕ್ಕೆ ಇಳಿದ ಮೇಲೆ ಕಂಟ್ರೋಲ್ ರಾಡ್‌ಗಳ ಮೇಲೆ ಕಣ್ಣು ಬಿತ್ತು, ಅಲ್ಯುಮಿನಿಯಂ ರಾಡ್ ಬದಲಿಗೆ ಉಕ್ಕಿನದು ಬಂತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸತ್ತಾಗ ಸುಮಾರು 330 ಹೆಲಿಕಾಪ್ಟರ್‌ಗಳನ್ನೂ ತಿಂಗಳುಗಟ್ಟಲೆ ನೆಲಕ್ಕಿಳಿಸಿ ಸ್ವಾಶ್‌ಪ್ಲೇಟ್ ಪರೀಕ್ಷಿಸಿದರು. ಸೇನೆಗೆ ಅದರಿಂದಾದ ಅಡಚಣೆ ಸಣ್ಣದಲ್ಲ, ಹಿಮಾಲಯದ ಠಾಣೆಗಳಿಗೆ ಸಾಮಾನು ಹೊರುವುದರಲ್ಲಿ ಆ ಹೆಲಿಕಾಪ್ಟರಿನ ಪಾಲು ದೊಡ್ಡದು. ಆದರೂ ಆಗಬೇಕಾದದ್ದೇ ಆಯಿತು.

ನೀವು ಪ್ರಯಾಣಿಕರಾಗಿದ್ದರೆ

ಕೇದಾರನಾಥಕ್ಕೋ ವೈಷ್ಣೋದೇವಿಗೋ ಹೆಲಿಕಾಪ್ಟರ್ ಹತ್ತುವವರಿಗೂ ನಾಲ್ಕು ಮಾತು. ಹತ್ತುವ ಮುನ್ನ ಮೈಮೇಲೆ ತಾಜಾ ಎಣ್ಣೆ ಹರಿದ ಗೆರೆ ಕಂಡರೆ, ಒಳಗೆ ಸುಟ್ಟ ವಾಸನೆ ಬಂದರೆ, ಪ್ಯಾನೆಲ್ ಪಟಪಟ ಬಡಿಯುತ್ತಿದ್ದರೆ ನೆಲದ ಸಿಬ್ಬಂದಿಗೆ ಹೇಳಿ. ಹಾರುವಾಗಾದರೆ ಹೆಡ್‌ಸೆಟ್‌ನಲ್ಲಿ ಪೈಲಟ್‌ಗೆ ಚಿಕ್ಕದಾಗಿ ಹೇಳಿ, ಇಳಿಯುವ ಗಳಿಗೆಯಲ್ಲಿ ಬೇಡ. ಸಾಲಿನಲ್ಲಿ ನಿಂತವರು ಬೈದುಕೊಂಡರೂ, ಪೈಲಟ್ "ಈ ಟ್ರಿಪ್ ಇಲ್ಲ" ಎಂದರೆ ವಾದ ಮಾಡಬೇಡಿ, ದುಡ್ಡು ವಾಪಸು ಕೇಳಿ. ಇಳಿದ ಮೇಲೆ ಮುಂದಿನಿಂದ ಅಥವಾ ಪಕ್ಕದಿಂದ, ಪೈಲಟ್‌ಗೆ ಕಾಣುವಂತೆ, ತಲೆ ಬಗ್ಗಿಸಿ ಹೊರಡಿ. ಇಳಿಜಾರಿನಲ್ಲಿ ಇಳಿದಿದ್ದರೆ ಏರುಗಡೆಗೆ ಹೋಗಬೇಡಿ, ಆ ಕಡೆ ಬ್ಲೇಡ್ ನೆಲಕ್ಕೆ ಹತ್ತಿರ ಇರುತ್ತದೆ.